ನನ್ನ ಎಡಗಡೆಯ ಜಾಗ

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ಮಾನಸಿಕ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನರ್ಸ್. ಅಲ್ಲಿ ಮಾತ್ರೆ ಕೊಡೋಕೆ ಇಬ್ಬರು ಬೇಕು. ಒಬ್ಬಳು ಕೊಡಬೇಕು, ಇನ್ನೊಬ್ಬಳು ನಾಲಿಗೆ ಎತ್ತಿಸಿ, ಟಾರ್ಚ್ ಬಿಟ್ಟು, ನುಂಗಿದ್ದಾರೋ ಇಲ್ಲವೋ ನೋಡಬೇಕು. ನನ್ನ ಎಡಗಡೆ ನಿಂತು ನೋಡುವ ಕೆಲಸ, ನಾವೆಲ್ಲ ದೊಡ್ಡಕ್ಕ ಅಂತಿದ್ದ ಹಿರಿಯ ನರ್ಸ್ ಅವರದು. ಅವರು ತೀರಿಕೊಂಡ ಮೇಲೆ ಆ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಕೇಳಿದರೆ ಮೇಲಿನವರು, "ಹೇಗೋ ಸುಧಾರಿಸ್ಕೊಳ್ಳಮ್ಮ" ಅಂದರು.

ಒಬ್ಬಳೇ ಸುಧಾರಿಸಿದೆ. ಮಾತ್ರೆ ನುಂಗಿದವರೆಲ್ಲ ನನ್ನ ಎಡಗಡೆಯ ಖಾಲಿ ಜಾಗಕ್ಕೆ ತಿರುಗಿ ಬಾಯಿ ತೆರೆಯೋರು. ಹಳೇ ರೂಢಿ, ಪಾಪ, ಅಂದುಕೊಂಡೆ. ಆದರೆ ಎಂಥ ಸೆಕೆಯಲ್ಲೂ ನನ್ನ ಎಡತೋಳು ಮಾತ್ರ ತಣ್ಣಗಾಗೋದು.

ಮೊನ್ನೆ ಹೊಸ ರೋಗಿಯೊಬ್ಬಳು ಸೇರಿದಳು. ದೊಡ್ಡಕ್ಕನನ್ನು ಕಂಡವಳೇ ಅಲ್ಲ. ಅವತ್ತೇ ಮಧ್ಯಾಹ್ನ ಎಲ್ಲರಿಗಿಂತ ಮೊದಲು ಅವಳಿಗೇ ಮಾತ್ರೆ ಕೊಟ್ಟೆ. ನೀರು ಕುಡಿದು, ಎಡಕ್ಕೆ ತಿರುಗಿ, ನಾಲಿಗೆ ಎತ್ತಿದಳು.

"ಯಾರಿಗಮ್ಮ ತೋರಿಸ್ತಿದ್ದೀಯ?" ಅಂದೆ.

ಅವಳು ಬಾಯಿ ಮುಚ್ಚಲಿಲ್ಲ. ಯಾರೋ ಗಲ್ಲ ಹಿಡಿದ ಹಾಗೆ ಅವಳ ಮುಖ ಇನ್ನಷ್ಟು ಮೇಲಕ್ಕೆದ್ದಿತು. ನಾಲಿಗೆಯ ಕೆಳಗೆ ದುಂಡನೆಯ ಬೆಳಕೊಂದು ಬಿದ್ದು, ನಿಧಾನವಾಗಿ ಸರಿದು, ಒಂದು ಕಡೆ ನಿಂತಿತು.

ಅಲ್ಲಿ ನಾನು ಕೊಟ್ಟ ಮಾತ್ರೆ ಹಾಗೇ ಇತ್ತು.

ನನ್ನ ಟಾರ್ಚ್ ನನ್ನ ಜೇಬಿನಲ್ಲೇ ಇತ್ತು.