ಐದು ಗಂಟೆ ಮೂವತ್ತೇಳು ನಿಮಿಷ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಸುಳ್ಳು ಸಿಕ್ಕಿಬಿತ್ತು.

ಅದು ಕಟ್ಟಡಗಳ ನಕ್ಷೆ ಬರೆಯುವ ಕಚೇರಿ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಪ್ರತಿಯೊಬ್ಬರೂ ದಿನವೂ ಸಾಫ್ಟ್‌ವೇರಿನಲ್ಲಿ ತುಂಬಬೇಕು. ವಾರಕ್ಕೊಮ್ಮೆ ಅದನ್ನು ನೋಡಿ ಒಪ್ಪಿಗೆ ಕೊಡುವಾಕೆ ಗಂಟೆಯಮ್ಮ. ವಯಸ್ಸು ಅರವತ್ತರ ಹತ್ತಿರ. ದೇವರು ಎಲ್ಲರಿಗೂ ಸಮನಾಗಿ ಹಂಚಿದ್ದು ಹೊತ್ತೊಂದನ್ನೇ ಎಂದು ನಂಬಿದವಳು. ಕಂಪ್ಯೂಟರ್ ಹಚ್ಚುವ ಮುನ್ನವೂ ಒಮ್ಮೆ ಕೈಮುಗಿಯುವವಳು.

ಕಚೇರಿಯ ನಕ್ಷೆಗಾರ್ತಿಯೊಬ್ಬಳ ಹೆಸರಿನಲ್ಲಿ, ಗುರುವಾರ, ಶಾಲೆಯ ಮೆಟ್ಟಿಲಿನ ಕೆಲಸಕ್ಕೆ ಐದು ಗಂಟೆ ಮೂವತ್ತೇಳು ನಿಮಿಷ ಬಿದ್ದಿತ್ತು. ಗುರುವಾರ ಆ ಹುಡುಗಿ ರಜೆಯಲ್ಲಿದ್ದಳು. ತಂದೆಯ ಕಣ್ಣಿನ ಆಪರೇಷನ್‌ಗೆಂದು ಆಸ್ಪತ್ರೆಯಲ್ಲಿ ಕೂತಿದ್ದಳು.

ಕಚೇರಿಯ ಒಡತಿ ದನಿ ಏರಿಸಲಿಲ್ಲ. ಸುಳ್ಳು ಗಂಟೆ ಬರೆಯುವವಳ ಕೈಗೆ ಹೊಸ ಗ್ರಂಥಾಲಯದ ಕೆಲಸ ಕೊಡಲಾಗದು ಎಂದಳು, ಅಷ್ಟೇ. ಗ್ರಂಥಾಲಯದವರು ಮೂರು ಗಂಟೆಗೆ ಬರುವವರಿದ್ದರು. ಎರಡು ವರ್ಷದಿಂದ ಆ ಕೆಲಸದ ದಾರಿ ಕಾಯುತ್ತಿದ್ದ ಹುಡುಗಿಯ ಮುಖ ಬಾಡಿತು.

"ನಾನು ಬರ್ದಿಲ್ಲಮ್ಮ," ಎಂದಳು.

"ಮೂರು ಗಂಟೆವರೆಗೂ ಟೈಮಿದೆ. ಹೋಗಿ ಕಾಫಿ ಕುಡಿ," ಎಂದಳು ಗಂಟೆಯಮ್ಮ.

* * *

ಮೊದಲ ಅನುಮಾನ ಮದುಮಗನ ಮೇಲೆ. ದಿನವೂ ಇಸ್ತ್ರಿ ಮುರಿಯದ ಅಂಗಿ ತೊಟ್ಟು ಬರುವ ನಕ್ಷೆಗಾರನಿಗೆ ಕಚೇರಿ ಇಟ್ಟ ಹೆಸರದು. ಹುಡುಗಿಯ ಪಕ್ಕದ ಮೇಜು ಅವನದು, ಅವಳ ಪಾಸ್‌ವರ್ಡ್ ಅವನಿಗೆ ಗೊತ್ತು. ಅವಳಿಗೆ ತಪ್ಪಿದರೆ ಗ್ರಂಥಾಲಯ ಅವನಿಗೇ.

ಅವನು ನಗುತ್ತಲೇ ಗುರುವಾರದ ಫೋಟೋ ತೋರಿಸಿದ. ಇಡೀ ದಿನ ಇಟ್ಟಿಗೆ ಕೆಲಸದ ಜಾಗದಲ್ಲಿದ್ದ. ಅಂಗಿಯ ತುಂಬ ಸಿಮೆಂಟು. "ಈ ಅಂಗಿ ನೋಡಿ ನಮ್ಮಮ್ಮ ಎರಡು ದಿನ ಮಾತು ಬಿಟ್ಟಿದ್ರು. ಬೇಕಾದ್ರೆ ಫೋನ್ ಮಾಡಿ ಕೇಳಿ."

ಗಂಟೆಯಮ್ಮ ಕೇಳಲಿಲ್ಲ. ಎಲ್ಲರ ಪುಟಗಳನ್ನೂ ತೆರೆದಳು. ಮದುಮಗ: ನಾಲ್ಕು ಗಂಟೆ, ನಾಲ್ಕು ಗಂಟೆ. ನಕ್ಷೆಗಾರ್ತಿ: ಎರಡೂವರೆ, ಮೂರು, ಎರಡೂವರೆ. ಇಡೀ ಕಚೇರಿ ಅರ್ಧ ಗಂಟೆಯ ಲೆಕ್ಕದಲ್ಲೇ ಬದುಕಿತ್ತು. ಆದರೆ ಆ ಸುಳ್ಳು ದಾಖಲೆ ಮೂರು ತುಂಡಾಗಿತ್ತು: 1:52, 2:07, 1:38.

ಆಕೆ ನಕ್ಷೆಯನ್ನೂ ತೆರೆಸಿದಳು. ಹುಡುಗಿ ಕಣ್ಣರಳಿಸಿ ನೋಡಿದಳು. ಅದು ಅವಳು ಬುಧವಾರ ಮುಗಿಸಿಕೊಟ್ಟ ಮೆಟ್ಟಿಲೇ. ಆದರೆ ಗೆರೆ ಅವಳದಲ್ಲ.

ಗಂಟೆಯಮ್ಮನಿಗೆ ನಗು ಬಂತು. ಗಂಟೆ ಕದಿಯುವವನು ಕೆಲಸ ಮಾಡುವುದಿಲ್ಲ. ಇಲ್ಲಿ ಯಾರೋ ಬೆವರು ಸುರಿಸಿದ್ದರು.

* * *

ಎರಡು ಗಂಟೆಗೆ, ನಕ್ಷೆಗಾರರ ಕೆಲಸ ನೋಡಿಕೊಳ್ಳುವ ಮೇಲ್ವಿಚಾರಕ ಹೊರಗಿನ ಕೆಲಸ ಮುಗಿಸಿ ಬಂದ. ಬೆಳಗಿನ ಗದ್ದಲ ಅವನಿಗೆ ಗೊತ್ತಿರಲಿಲ್ಲ. ಗಂಟೆಯಮ್ಮ ಎಲ್ಲರನ್ನೂ ದೊಡ್ಡ ಮೇಜಿನ ಸುತ್ತ ಕೂರಿಸಿದಳು.

"ನಿಮಿಷ ನಿಮಿಷಾನೂ ಬರೀರಿ ಅಂತ ನಮಗೆಲ್ಲ ಪಾಠ ಹೇಳಿದ್ದು ಯಾರು?"

ಎಲ್ಲರೂ ಮೇಲ್ವಿಚಾರಕನತ್ತ ತಿರುಗಿದರು.

ಆ ಪಾಠವನ್ನು ಪಾಲಿಸುತ್ತಿದ್ದವನು ಅವನೊಬ್ಬನೇ ಎಂದು ಆಕೆ ವಿವರಿಸಿದಳು. ಇನ್ನೊಬ್ಬರ ಹೆಸರಿನಲ್ಲಿ ಗಂಟೆ ತುಂಬುವ ಅಧಿಕಾರವೂ ಅವನಿಗಿತ್ತು. ಅವನ ಪುಟ ದಿನವೂ ಸರಿಯಾಗಿ ಎಂಟು ಗಂಟೆ ತೋರಿಸುತ್ತಿತ್ತು. ಗುರುವಾರ ಮಾತ್ರ ಎರಡು ಗಂಟೆ ಇಪ್ಪತ್ತಮೂರು ನಿಮಿಷ. "ಇದಕ್ಕೆ ಐದು ಗಂಟೆ ಮೂವತ್ತೇಳು ನಿಮಿಷ ಸೇರಿಸಿ ನೋಡಿ. ಎಂಟು ಗಂಟೆ. ತನ್ನ ಪುಟದಲ್ಲಿ ಸುಳ್ಳು ಬರೆಯೋಕೆ ಈ ಪುಣ್ಯಾತ್ಮನಿಗೆ ಕೈ ಬರಲಿಲ್ಲ."

ಮೇಲ್ವಿಚಾರಕನ ಕಿವಿ ಕೆಂಪಾಯಿತು. ಗುರುವಾರ ಹುಡುಗಿಯ ಮೆಟ್ಟಿಲಿನ ನಕ್ಷೆ ತಿದ್ದಲು ಕೂತವನು ಕೈತಪ್ಪಿ ಅದನ್ನೇ ಅಳಿಸಿದ್ದ. ಬಾಗಿಲು ಹಾಕಿಕೊಂಡು ಮೊದಲಿಂದ ಬರೆದ. ದುಡಿದ ಹೊತ್ತನ್ನು ಬರೆಯದೆ ಬಿಡಲು ಮನಸ್ಸು ಒಪ್ಪಲಿಲ್ಲ. ತನ್ನ ಹೆಸರಿಗೆ ಬರೆದರೆ ಗುಟ್ಟು ರಟ್ಟು. ರಜೆಯಲ್ಲಿದ್ದ ಅವಳ ಪುಟ ಖಾಲಿಯಿತ್ತು, ಅಲ್ಲಿ ತುಂಬಿಬಿಟ್ಟ.

"ನಕ್ಷೆಗೆ ಇನ್ನೊಂದು ಪ್ರತಿ ತೆಗೆದಿಟ್ಕೊಳ್ಳಿ ಅಂತ ಹೇಳಿ ಹೇಳಿ ನಿಮ್ಮ ತಲೆ ತಿಂದವನು ನಾನು. ನಾನೇ ಇಟ್ಟಿರಲಿಲ್ಲ. ಶುಕ್ರವಾರ ಹೇಳೋಣ ಅಂದ್ಕೊಂಡೆ, ಧೈರ್ಯ ಬರಲಿಲ್ಲ," ಎಂದು ಹುಡುಗಿಯತ್ತ ತಿರುಗಿದ. "ತಪ್ಪಾಯ್ತು ತಾಯಿ."

"ಮೆಟ್ಟಿಲಿನ ಕೈಹಿಡಿ ಕಂಬಿಯ ಎತ್ತರ ಮಾತ್ರ ನಂದಕ್ಕಿಂತ ಚೆನ್ನಾಗಿದೆ ಸಾರ್," ಎಂದಳು ಅವಳು. ಒಡತಿಯೂ ನಕ್ಕುಬಿಟ್ಟಳು.

ಮೂರು ಗಂಟೆಗೆ ಗ್ರಂಥಾಲಯದವರು ಬಂದಾಗ ಅವರ ಎದುರು ಕೂತವಳು ನಕ್ಷೆಗಾರ್ತಿ.

ಸಂಜೆ ಗಂಟೆಯಮ್ಮ ಮೇಲ್ವಿಚಾರಕನ ಪುಟ ತೆರೆದಳು. ಗುರುವಾರ ಈಗ ಎಂಟು ಗಂಟೆ ತುಂಬಿತ್ತು. ಸೋಮವಾರದ ಕೊನೆಗೆ ಹೊಸದೊಂದು ಸಾಲಿತ್ತು: ತಪ್ಪು ಒಪ್ಪಿಕೊಂಡದ್ದು, ನಾಲ್ಕು ನಿಮಿಷ.

ಆಕೆ ಕೈಮುಗಿದು, ಒಪ್ಪಿಗೆಯ ಗುಂಡಿ ಒತ್ತಿದಳು.