ಮುಕ್ಕಾಲು ತೋಳು

ಪರದೆಯ ಹಿಂದೆ ಅವಳು ಹೊಸ ಅಂಗಿಯನ್ನು ತಲೆಯ ಮೇಲಿಂದ ಇಳಿಸಿಕೊಂಡು, ಎರಡೂ ಕೈ ತೂರಿಸಿ, ಕನ್ನಡಿಯತ್ತ ತಿರುಗಿದವಳು ಹಾಗೇ ನಿಂತುಬಿಟ್ಟಳು.

ತೋಳಿರಲಿಲ್ಲ.

ಪೂರ್ತಿ ಇರಲಿಲ್ಲವೆಂದಲ್ಲ. ಭುಜದಿಂದ ಒಂದು ಗೇಣೂ ಇಳಿಯದೆ ನೀಲಿ ಬಟ್ಟೆ ಮುಗಿದುಹೋಗಿತ್ತು. ಅದರ ಕೆಳಗೆ ಅವಳದೇ ತೋಳು. ಬಚ್ಚಲುಮನೆಯ ಬಲ್ಬು ಬಿಟ್ಟರೆ ವರ್ಷಗಳಿಂದ ಯಾರೂ ನೋಡಿರದ ಆ ದಪ್ಪ ತೋಳು ಗಾಬರಿಬಿದ್ದಂತೆ ಹೊರಗೆ ಬಂದು ನಿಂತಿತ್ತು.

"ಮಾಸ್ಟರ್ರೇ," ಎಂದಳು ಪರದೆಯ ಒಳಗಿನಿಂದಲೇ. "ತೋಳೆಲ್ಲಿ?"

ಮೆಷಿನ್ನಿನ ಸದ್ದು ನಿಂತಿತು. "ಯಾವ ತೋಳು ಮೇಡಂ?"

"ನನ್ನ ಅಂಗೀದು! ಯಾವಾಗ್ಲೂ ಮಣಿಕಟ್ಟಿನ ತನಕ ಇರ್ತಿತ್ತಲ್ಲ, ಅದು."

"ಅದನ್ನ ಕತ್ತರಿಸಿದೆ."

"ಯಾಕೆ?"

"ನೀವೇ ಹೇಳಿದ್ರಲ್ಲ. ತೋಳು ಯಾವಾಗಿನ ಹಾಗೇನಾ ಅಂತ ಕೇಳಿದೆ. 'ಇಲ್ಲ ಇಲ್ಲ, ಸ್ಲೀವ್ ಅಂದ್ರೆ ಮುಕ್ಕಾಲು ಭಾಗ ಕತ್ತರಿಸಿ ಎಸೆಯೋದು' ಅಂದ್ರಿ. ನನಗೂ ಆಶ್ಚರ್ಯ ಆಯ್ತು. ಆದ್ರೆ ಗಿರಾಕಿ ಮಾತು ಮೀರೋದುಂಟಾ?"

ಅವಳಿಗೆ ನೆನಪಾಯಿತು. ಬಟ್ಟೆ ಕೊಡಲು ಬಂದ ದಿನ ಕಿವಿಯಲ್ಲಿ ಫೋನಿತ್ತು, ಫೋನಿನಲ್ಲಿ ಅಕ್ಕ ಇದ್ದಳು. ಅಕ್ಕನಿಗೆ ಕೊಟ್ಟ ಉತ್ತರ ಟೈಲರನ ಪ್ರಶ್ನೆಗೆ ಹೋಗಿ ಅಂಟಿಕೊಂಡಿತ್ತು.

"ಬ್ಯಾಂಡ್ ಈಗೆಲ್ಲ ಯಾರೂ ಹಾಕಲ್ಲ ಅಂತಾನೂ ಅಂದ್ರಿ," ಅವನ ದನಿ ಸಣ್ಣಗಾಯಿತು. "ಅದಕ್ಕೆ ಸೊಂಟದ ಪಟ್ಟೀನೂ ಬಿಟ್ಟೆ. ಬೈಪಾಸ್ ಅಂದಿದ್ದು ಮಾತ್ರ ಅರ್ಥ ಆಗ್ಲಿಲ್ಲ. ಯಾವುದೋ ರಸ್ತೆ ವಿಷಯ ಇರಬೇಕು ಅಂದ್ಕೊಂಡೆ."

ಅವಳು ಗೋಡೆಗೆ ಒರಗಿ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಬಂದ ನೀರು ನಗು ನಿಂತ ಮೇಲೂ ನಿಲ್ಲಲಿಲ್ಲ.

"ಮೇಡಂ? ಅಳ್ತಿದೀರಾ? ಹೊಸ ಬಟ್ಟೆ ತಂದು ಹೊಲಿದುಕೊಡ್ತೀನಿ, ದಯವಿಟ್ಟು..."

"ಅದು ಅಂಗಿ ತೋಳಲ್ಲ ಮಾಸ್ಟರ್ರೇ. ನನ್ನ ಹೊಟ್ಟೆ."

ಅವಳು ಕಣ್ಣು ಪರೀಕ್ಷೆ ಮಾಡುವವಳು. ಬೀದಿಯ ಆ ಬದಿಗೆ ಅವಳ ಕನ್ನಡಕದಂಗಡಿ, ಈ ಬದಿಗೆ ಇವನ ಹೊಲಿಗೆಯಂಗಡಿ. ಮೊದಲಿದ್ದ ಟೈಲರು ಅವಳ ಅಳತೆ ತೆಗೆದು ಅಂಕಿಗಳನ್ನು ಹರಾಜು ಕೂಗುವಂತೆ ಕೂಗುತ್ತಿದ್ದ. ಬೀದಿಯಲ್ಲಿ ಹೋಗುವವರೂ ತಿರುಗಿ ನೋಡಬೇಕು, ಹಾಗೆ. ಇವನು ಟೇಪು ಹಿಡಿಯುತ್ತಿದ್ದ, ನೋಡುತ್ತಿದ್ದ, ಬಟ್ಟೆಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಏನೋ ಗೀಚಿಕೊಳ್ಳುತ್ತಿದ್ದ. ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಕೊನೆಗೆ ಎಲ್ಲರಿಗೂ ಹೇಳುವ ಮಾತನ್ನೇ ಅವಳಿಗೂ ಹೇಳುತ್ತಿದ್ದ: "ಸಡಿಲ ಆದ್ರೆ ಹಿಡಿಯೋಣ, ಬಿಗಿ ಆದ್ರೆ ಬಿಡೋಣ." ಆ ಒಂದು ಮಾತು ಕೇಳುವುದಕ್ಕಾಗಿ ಅವಳು ಬೇಕಿಲ್ಲದ ಅಂಗಿಗಳನ್ನೂ ಹೊಲಿಸಿದ್ದುಂಟು.

ಅವನಿಗೆ ಮದುವೆಯಾಗಿರಲಿಲ್ಲ. ಯಾರಾದರೂ ಆ ಮಾತು ಎತ್ತಿದರೆ ಮೆಷಿನ್ ಜೋರಾಗಿ ತುಳಿಯುತ್ತಿದ್ದ. ಅವಳಿಗೂ ಆಗಿರಲಿಲ್ಲ. ಅವಳ ಬಳಿ ತುಳಿಯಲು ಮೆಷಿನ್ ಇರಲಿಲ್ಲ, ಅಷ್ಟೇ.

ಮುಖ ಕಾಣದಿದ್ದುದರಿಂದಲೋ ಏನೋ, ಅಂದು ಪರದೆಯ ಹಿಂದಿನಿಂದಲೇ ಅವಳು ಎಲ್ಲ ಹೇಳಿದಳು. ರಕ್ತದಲ್ಲಿ ಸಕ್ಕರೆ ಏರಿದೆ. ಮೆಟ್ಟಿಲು ಕಂಡರೆ ಮಂಡಿ ಅಳುತ್ತದೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆ. ಪಥ್ಯ, ವಾಕಿಂಗ್ ಎಲ್ಲ ಮಾಡಿ ಆಯಿತು, ಇಳಿದದ್ದೆಲ್ಲ ಬಡ್ಡಿ ಸಮೇತ ವಾಪಸ್ ಬಂತು. ಈಗ ತೂಕ ಇಳಿಸುವ ಆಪರೇಷನ್ ಎನ್ನುತ್ತಿದ್ದಾರೆ. ಹೊಟ್ಟೆಗೆ ಬ್ಯಾಂಡ್ ಬಿಗಿಯುವುದು ಹಳೆಯ ಕ್ರಮವಂತೆ, ಉಳಿದದ್ದು ಎರಡು. ಸ್ಲೀವ್ ಅಂದರೆ ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಅಂಗಿಯ ತೋಳಿನ ಹಾಗೆ ಸಪೂರ ಕೊಳವೆ ಮಾಡುವುದು. ಬೈಪಾಸ್ ಅಂದರೆ ಮೊಟ್ಟೆಯಷ್ಟು ಪುಟ್ಟ ಚೀಲವನ್ನು ಬೇರೆ ಮಾಡಿ, ಕರುಳಿಗೆ ಹೊಸ ದಾರಿ ಹಾಕಿ ಜೋಡಿಸುವುದು.

"ಸರ್ಜನ್ ಮೇಡಂ ಯಾವುದು ಅಂತ ನೀವೇ ಯೋಚನೆ ಮಾಡ್ಕೊಂಡು ಬನ್ನಿ ಅಂದಿದ್ದಾರೆ," ಎಂದಳು. "ದಿನಾ ನೂರು ಜನಕ್ಕೆ ಅದು ಬೇಕೋ ಇದು ಬೇಕೋ ಅಂತ ಕೇಳೋಳು ನಾನು. ನನಗೇ ಆರಿಸೋಕೆ ಬರ್ತಿಲ್ಲ."

ಹೊರಗೆ ನೀರು ಬಗ್ಗಿಸಿದ ಸದ್ದಾಯಿತು. ಆಮೇಲೆ ಪರದೆಯ ಪಕ್ಕದಿಂದ ಒಂದು ಕೈ ಮಾತ್ರ ಒಳಗೆ ಬಂತು. ಕೈಯಲ್ಲಿ ಒಂದು ಲೋಟ ನೀರು.

"ನನ್ನ ತಪ್ಪಿಗೆ ಏನು ದಂಡ ಹಾಕ್ತೀರೋ ಹಾಕಿ," ಎಂದಿತು ಆ ಕೈಯ ಹಿಂದಿನ ದನಿ.

ಅವಳು ನೀರು ಕುಡಿದಳು. "ನೀವು ಸೂಜಿಗೆ ದಾರ ಪೋಣಿಸೋಕೆ ಒಂದು ಕಣ್ಣು ಮುಚ್ಚಿ ಒದ್ದಾಡೋದನ್ನ ಎಷ್ಟು ದಿನದಿಂದ ನೋಡ್ತಿದೀನಿ. ಬಂದು ಕಣ್ಣು ತೋರಿಸ್ಕೊಳ್ಳಿ. ಅದೇ ದಂಡ."

"ನನ್ನ ಕಣ್ಣು ಚೆನ್ನಾಗೇ ಇದೆ ಮೇಡಂ."

"ಹೊಟ್ಟೆಗೂ ತೋಳಿಗೂ ವ್ಯತ್ಯಾಸ ಕಾಣದೋರ ಮಾತು ಯಾರು ನಂಬ್ತಾರೆ?"

*

ಅವನು ಬಂದ. ತಲೆ ಬಾಚಿಕೊಂಡು, ಇಸ್ತ್ರಿಯ ಗೆರೆ ಕೈ ಕೊಯ್ಯುವಂಥ ಅಂಗಿ ಹಾಕಿಕೊಂಡು, ವರ್ಷದ ಪರೀಕ್ಷೆಗೆ ಬಂದ ಹುಡುಗನ ಹಾಗೆ ಬಂದ.

ಪರೀಕ್ಷೆಯ ಕೋಣೆ ಅರೆಗತ್ತಲು. ಎದುರಿನ ಗೋಡೆಯಲ್ಲಿ ಅಕ್ಷರಗಳ ಸಾಲು ಮಾತ್ರ ಬೆಳಗುತ್ತಿತ್ತು. ದುಂಡು ಫ್ರೇಮನ್ನು ಅವನ ಮೂಗಿನ ಮೇಲೆ ಕೂರಿಸಿ, ಕಡ್ಡಿಗಳನ್ನು ಕಿವಿಗೆ ಸಿಕ್ಕಿಸುವಾಗ ಅವಳ ಬೆರಳು ತಡವರಿಸಿತು. ಲೆಕ್ಕವಿಲ್ಲದಷ್ಟು ಕಿವಿಗಳಿಗೆ ಸಿಕ್ಕಿಸಿದ ಬೆರಳು.

"ಉಸಿರಾಡಿ ಮಾಸ್ಟರ್ರೇ. ಕಣ್ಣು ಪರೀಕ್ಷೆಗೆ ಉಸಿರು ಹಿಡೀಬೇಕಾಗಿಲ್ಲ."

"ನಾನು ಅಳತೆ ತಗೋವಾಗ ನೀವು ಹಿಡೀತೀರಲ್ಲ?"

ಅಂದರೆ ಇವನು ಗಮನಿಸಿದ್ದಾನೆ. ಕತ್ತಲಲ್ಲಿ ಅವಳ ಕೆನ್ನೆ ಬಿಸಿಯಾಯಿತು. ಅವಳು ಲೆನ್ಸ್ ಹಾಕಿದಳು. "ಇದು ಚೆನ್ನಾಗಿ ಕಾಣುತ್ತಾ?" ಇನ್ನೊಂದಕ್ಕೆ ಬದಲಿಸಿದಳು. "ಇಲ್ಲಾ ಇದಾ?"

"ಎರಡೂ ಒಂದೇ ಥರ ಇದೆ. ಒಂದೇ ಥರ ಅಂದ್ರೆ ತಪ್ಪಾ?"

"ಇಲ್ಲಿ ತಪ್ಪು ಉತ್ತರ ಅನ್ನೋದೇ ಇಲ್ಲ. ಕಂಡದ್ದು ಹೇಳಿ ಸಾಕು."

ಅವನು ಫ್ರೇಮಿನ ಹಿಂದಿನಿಂದ ಅವಳ ಕಡೆ ತಿರುಗಿದ. ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ಲೆನ್ಸಿನಲ್ಲಿ ದೊಡ್ಡದಾಗಿ ಕಾಣುತ್ತಿತ್ತು. "ಹಾಗಾದ್ರೆ ನೀವೂ ಹೇಳಿ. ಸ್ಲೀವಾ, ಬೈಪಾಸಾ?"

"ಸ್ಲೀವ್," ಅಂದಳು ಥಟ್ಟನೆ.

"ಯಾಕೆ?"

"ಯಾಕೆ ಅಂದ್ರೆ... ಕೇಳೋಕೆ ಮೆತ್ತಗಿದೆ. ಬೈಪಾಸ್ ಅಂದ್ರೆ ಎದೆ ಧಸಕ್ ಅನ್ನುತ್ತೆ. ಅಮ್ಮನಿಗೆ ಹೇಳಿದ್ರೆ ಹೃದಯದ ಆಪರೇಷನ್ ಅಂತಲೇ ಅಂದ್ಕೋತಾರೆ."

ಹೇಳುತ್ತ ಹೇಳುತ್ತ ಅವಳ ಮಾತು ನಿಧಾನವಾಯಿತು. ಅವಳು ಹೆಸರು ನೋಡಿ ಆರಿಸುತ್ತಿದ್ದಳು. ಫ್ರೇಮಿನ ಮೇಲಿನ ಹೆಸರಿಗೆ ಮರುಳಾಗಬೇಡಿ, ನಿಮ್ಮ ಕಣ್ಣಿಗೆ ಏನು ಬೇಕೋ ಅದನ್ನು ತಗೊಳ್ಳಿ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುವವಳು. ತನಗೆ ಹುಳಿತೇಗು, ಎದೆಯುರಿ; ಮೂರು ದಿಂಬು ಪೇರಿಸಿ ಮಲಗುವವಳು ತಾನು. ಸ್ಲೀವ್‌ನಿಂದ ಅದು ಇನ್ನೂ ಹೆಚ್ಚಾಗಬಹುದು, ಸಕ್ಕರೆಗೂ ಬೈಪಾಸೇ ಹೆಚ್ಚು ಅನುಕೂಲ ಎಂದು ಸರ್ಜನ್ ಹೇಳಿದ್ದರು. ಆಮೇಲೆ ಜೀವನಪೂರ್ತಿ ವಿಟಮಿನ್ ಮಾತ್ರೆ ತಪ್ಪಿಸುವಂತಿಲ್ಲ ಎಂದೂ ಹೇಳಿದ್ದರು. ಅವಳು ಆ ಕೊನೆಯ ಮಾತೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದಿದ್ದಳು.

ಇದನ್ನೆಲ್ಲ ಅವನಿಗೆ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನೇ ಮಾತಾಡಿದ.

"ನನ್ನ ಕೇಳಿದ್ರೆ ಎರಡೂ ಬೇಡ ಮೇಡಂ. ನೀವು ಹೀಗೇ ಚೆನ್ನಾಗಿದೀರಿ."

ಎಂದಾದರೂ ಅವನ ಬಾಯಿಂದ ಕೇಳಬೇಕೆಂದು ಅವಳು ಆಸೆಪಟ್ಟಿದ್ದ ಮಾತು ಅದು. ಇಂಥ ಹೊತ್ತಲ್ಲಿ, ಹೀಗೆ ಬಂತು.

"ಚೆಂದಕ್ಕೆ ಮಾಡಿಸ್ಕೋತೀನಿ ಅಂತಲೇ ಎಲ್ಲರೂ ಅಂದ್ಕೊಂಡಿದ್ದಾರೆ," ಎಂದಳು. ದನಿ ನಡುಗದಂತೆ ಪದ ಪದವನ್ನೂ ನೋಡಿ ನೋಡಿ ಇಟ್ಟಳು. "ಚೆನ್ನಾಗಿ ಕಾಣೋದಕ್ಕಲ್ಲ ಮಾಸ್ಟರ್ರೇ. ಇರೋದಕ್ಕೆ. ಮಲಗಿದೋಳು ಬೆಳಿಗ್ಗೆ ಏಳ್ತೀನಾ ಅಂತ ಹೆದರಿಕೊಂಡು ಮಲಗೋದು ಹೇಗಿರುತ್ತೆ ಅಂತ ಗೊತ್ತಾ ನಿಮಗೆ?"

ಅವನು ತಲೆ ತಗ್ಗಿಸಿದ; ದುಂಡು ಫ್ರೇಮು ಮೂಗಿನ ಮೇಲೆ ಜಾರಿತು.

ಅವಳು ದೀಪ ಹಾಕಿ, ಫ್ರೇಮು ತೆಗೆದು, ಲೆನ್ಸಿನ ನಂಬರು ಬರೆದುಕೊಟ್ಟಳು. "ಚಾಳೀಸು ಬಂದಿದೆ. ಹತ್ತಿರದ್ದು ಕಾಣ್ತಿಲ್ಲ ನಿಮಗೆ," ಎಂದಳು. ಬೇಕೆಂದೇ ಹಾಗೆ ಹೇಳಿದಳೋ, ಬಾಯಿಗೆ ಬಂದದ್ದೇ ಹಾಗೋ, ಅವಳಿಗೂ ತಿಳಿಯಲಿಲ್ಲ.

*

ಸರ್ಜನ್‌ಗೆ ತನ್ನ ಆಯ್ಕೆ ತಿಳಿಸಲು ಆಸ್ಪತ್ರೆಗೆ ಹೋಗುವ ದಿನ ಬರುವವರೆಗೂ ಅವಳು ಬೀದಿಯಾಚೆಯ ಹೊಲಿಗೆಯಂಗಡಿಯ ಕಡೆಗೆ ಕಣ್ಣು ಹಾಯಿಸಲಿಲ್ಲ. ಹಾಯಿಸಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಅವನು ಹೊಸ ಕನ್ನಡಕ ಹಾಕಿಕೊಂಡಿದ್ದಾನೆ ಎಂಬುದು ಅವಳಿಗೆ ಗೊತ್ತಿತ್ತು; ಮೆಷಿನ್ ಬಹಳ ಮೆಲ್ಲಗೆ ತುಳಿಯುತ್ತಿದ್ದಾನೆ ಎಂಬುದೂ.

ಆ ಬೆಳಿಗ್ಗೆ ಅಕ್ಕನ ಫೋನ್ ಬಂತು. "ಪುಟ್ಟೀ, ನೀನು ಮೊದಲು ಹೋಗಿರು. ನಾನು ಇವರನ್ನೆಲ್ಲ ಹೊರಡಿಸಿ ಓಡಿ ಬರ್ತೀನಿ. ಹೆದರ್ಕೋಬೇಡ್ವೇ!"

ಮನೆಯಲ್ಲಿ ಎಲ್ಲರಿಗಿಂತ ದಪ್ಪಗಿರುವವಳಿಗೆ ಪುಟ್ಟಿ ಎಂದು ಹೆಸರು. ಅವಳು ಕಪಾಟು ತೆರೆದು ನಿಂತಳು. ಉದ್ದ ತೋಳಿನ ಅಂಗಿಗಳು ಸಾಲಾಗಿ ನೇತಾಡುತ್ತಿದ್ದವು. ಅವುಗಳನ್ನು ಸರಿಸಿ, ಕೊನೆಯಲ್ಲಿದ್ದ ನೀಲಿಯನ್ನು ತೆಗೆದಳು.

ಬೀದಿಗೆ ಬಂದಾಗ ಅವನು ಅಂಗಡಿಯ ಬಾಗಿಲಲ್ಲೇ ನಿಂತಿದ್ದ. ಅವನ ನೋಟ ಅವಳ ಬರಿತೋಳಿನ ಮೇಲೆ ಒಂದು ಕ್ಷಣ ಕೂತು, ತಪ್ಪು ಮಾಡಿದಂತೆ ಎದ್ದು, ಅವಳ ಮುಖಕ್ಕೆ ಬಂತು.

"ಇದನ್ನ ತಗೊಳ್ಳಿ," ಎಂದು ಒಂದು ಪೊಟ್ಟಣ ಚಾಚಿದ. ಒಳಗೆ ಎರಡು ನೀಲಿ ತೋಳು. ಕತ್ತರಿಸಿದ್ದ ಅದೇ ತೋಳುಗಳು. ಅಂಚಿಗೆ ಕಾಜಾ ಹೊಲಿದಿದ್ದ, ಒಂದೊಂದೂ ಅಕ್ಕಿಕಾಳಿನಷ್ಟು ಅಚ್ಚುಕಟ್ಟು. "ಅಂಗಿಗೆ ಒಳಗಡೆಯಿಂದ ಗುಂಡಿ ಹಾಕಿಬಿಟ್ರೆ, ಬೇಕಾದಾಗ ಸಿಕ್ಕಿಸಬಹುದು. ಬೇಡ ಅಂದ್ರೆ ಬಿಚ್ಚಬಹುದು."

"ಎಲ್ಲಾ ಸ್ಲೀವೂ ಹೀಗೇ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು," ಎಂದಳು ಅವಳು. ಆಮೇಲೆ, "ನನಗೆ ಹೊತ್ತಾಯ್ತು. ಮಾತಾಡೋದಿದ್ರೆ ಜೊತೇಲಿ ಬನ್ನಿ."

ಅವನು ಬಾಗಿಲು ಎಳೆದುಕೊಂಡು ಬಂದ. ಅವಳ ಮಂಡಿಗೆ ಬೇಕಾದಷ್ಟು ನಿಧಾನಕ್ಕೆ ತನ್ನ ಹೆಜ್ಜೆಯನ್ನು ಇಳಿಸಿಕೊಂಡ, ಇಳಿಸಿಕೊಂಡದ್ದು ತೋರದ ಹಾಗೆ.

ಆಸ್ಪತ್ರೆಯಲ್ಲಿ ಇಬ್ಬರೂ ಬೆಂಚಿನ ಮೇಲೆ ಕೂತರು. ನರ್ಸ್ ಬಂದು ಬಿಪಿ ಪಟ್ಟಿ ಸುತ್ತುತ್ತ, "ಅಬ್ಬ, ತೋಳು ಮಡಚೋ ಗೋಜಿಲ್ಲ. ಎಲ್ಲರೂ ಹೀಗೇ ಹಾಕ್ಕೊಂಡು ಬರಬೇಕಪ್ಪ," ಎಂದಳು. ಅವಳು ಅವನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಆವತ್ತು ನಾನು ಅಂದಿದ್ದು ನಿಮ್ಮ ಒಳ್ಳೇದಕ್ಕಲ್ಲ," ಎಂದ ನರ್ಸ್ ಹೋದ ಮೇಲೆ. "ನನ್ನ ಸ್ವಾರ್ಥಕ್ಕೆ. ನೀವು ಸಣ್ಣ ಆದ್ರೆ ರೆಡಿಮೇಡ್ ಸಿಗುತ್ತೆ. ದೊಡ್ಡ ದೊಡ್ಡ ಅಂಗಡಿ ಇದಾವೆ. ಆಮೇಲೆ ನನ್ನ ಅಂಗಡಿಗೆ ಯಾಕೆ ಬರ್ತೀರಿ? ನೀವು ಬರೋ ದಿನ ಬೆಳಿಗ್ಗೇನೇ ಟ್ರಯಲ್ ರೂಮಿನ ಕನ್ನಡಿ ಒರೆಸಿ ಇಡ್ತೀನಿ ನಾನು. ಬೇರೆ ಯಾರಿಗೂ ಒರೆಸಲ್ಲ." ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ. "ಬುದ್ಧಿ ಇಲ್ಲದೆ ಅಂದೆ. ಹೊಟ್ಟೆಗೆ ಹಾಕ್ಕೊಳ್ಳಿ."

ಅವಳು ನಗು ತಡೆಯಲು ತುಟಿ ಕಚ್ಚಿದಳು. ಆಗಲಿಲ್ಲ. "ಸದ್ಯ, ಇವತ್ತೇ ಹೇಳಿದ್ರಿ. ಇನ್ನು ಸ್ವಲ್ಪ ದಿನ ಕಳೆದ್ರೆ ಮೊಟ್ಟೆಯಷ್ಟೇ ಜಾಗ ಉಳಿಯೋದು."

ಅವನು ಥಟ್ಟನೆ ತಲೆಯೆತ್ತಿದ. "ಮೊಟ್ಟೆ ಅಂದ್ರೆ... ಬೈಪಾಸ್?"

"ಬೈಪಾಸ್."

"ಹೆದರಿಕೆ?"

"ಇದೆ. ಹೆಸರಿಗಲ್ಲ ಈಗ. ಆಪರೇಷನ್ನಿಗೆ ಎಷ್ಟು ಹೆದರಬೇಕೋ ಅಷ್ಟೇ."

ಒಳಗೆ ಕರೆದರು. ಸರ್ಜನ್ ಮೇಡಂ ಎಂಡೋಸ್ಕೋಪಿಯ ಚಿತ್ರ ತೋರಿಸಿ, ಎದೆಯುರಿಯ ಗುರುತು ಇಲ್ಲಿದೆ ನೋಡಿ, ನಿಮ್ಮ ಆಯ್ಕೆಯೇ ನನ್ನದೂ, ಎಂದರು. ಮಾತ್ರೆ ತಪ್ಪಿಸಬಾರದು ಎಂದು ಮತ್ತೆ ಹೇಳಿದರು. ಈ ಸಲ ಅವಳಿಗೆ ಎಲ್ಲ ಮಾತೂ ಕೇಳಿಸಿತು.

ಹೊರಗೆ ಬಂದಾಗ ಅವನು ಎದ್ದು ನಿಂತಿದ್ದ. ಅಕ್ಕ ಇನ್ನೂ ಬಂದಿರಲಿಲ್ಲ. ಮೆಟ್ಟಿಲ ಬಳಿ ಅವಳು ನಿಂತಳು.

"ಒಂದು ವಿಷಯ ಕೇಳಿ ಮಾಸ್ಟರ್ರೇ. ತೂಕ ಒಂದೇ ಸಲಕ್ಕೆ ಇಳಿಯಲ್ವಂತೆ. ವರ್ಷ, ಒಂದೂವರೆ ವರ್ಷ ಇಳೀತಾನೇ ಇರುತ್ತಂತೆ. ಇವತ್ತು ಸರಿಹೋದ ಅಂಗಿ ಬರೋ ತಿಂಗಳು ಸಡಿಲ. ಅದರ ಮುಂದಿನ ತಿಂಗಳು ಇನ್ನೂ ಸಡಿಲ. ಯಾವ ರೆಡಿಮೇಡ್ ಅಂಗಡಿಯೋರು ಇದಕ್ಕೆಲ್ಲ ಒಪ್ತಾರೆ?"

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಕನ್ನಡಕದ ಹಿಂದೆ ಎರಡೂ ಕಣ್ಣು ಮೆಲ್ಲಗೆ ಬೆಳಗಿದವು.

"ಸಡಿಲ ಆದ್ರೆ..." ಎಂದ. ಅಷ್ಟಕ್ಕೇ ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡ.

"ಹೇಳಿ. ಎಲ್ಲರಿಗೂ ಹೇಳ್ತೀರಲ್ಲ."

"ಇದು ಎಲ್ಲರಿಗೂ ಹೇಳೋದಲ್ಲ," ಎಂದ ಅವನು. "ಸಡಿಲ ಆದ್ರೆ ಹಿಡೀತೀನಿ. ಬಿಗಿ ಆದ್ರೂ ಬಿಡಲ್ಲ."

ಕೆಳಗಿನ ಗೇಟಿನಿಂದ ಅಕ್ಕ ಏದುಸಿರು ಬಿಡುತ್ತ ಬರುತ್ತಿರುವುದು ಕಂಡಿತು. ಅವಳು ಮೆಟ್ಟಿಲನ್ನು ನೋಡಿದಳು, ತನ್ನ ಮಂಡಿಯನ್ನು ನೆನೆದಳು, ಮತ್ತೆ ಬಿಸಿಲಿಗೆ ಬಿದ್ದ ತನ್ನ ಬರಿತೋಳನ್ನು ಅವನ ಕಡೆ ಚಾಚಿದಳು.

"ಹಾಗಾದ್ರೆ ಇವತ್ತಿಂದಲೇ ಹಿಡೀರಿ," ಎಂದಳು.