ಎರಡನೇ ಗಾಳಿ ಮಷೀನು

ಗಾಳಿ ಮಷೀನು ಒಂದೇ ಇತ್ತು, ಬೇಕಾದವರು ಇಬ್ಬರಿದ್ದರು. ಲಗಮವ್ವನ ಸರದಿ ಮೊದಲು ಬಂತು, ಗುರುಬಸವ್ವನದು ಆಮೇಲೆ. ನಡೆದದ್ದು ಇಷ್ಟೇ. ಆದರೆ ಲಗಮವ್ವ ಇವತ್ತಿಗೂ ಹೊಸ್ತಿಲಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಾಳೆ, ಗುರುಬಸವ್ವ ಗೋಡೆಯ ಮೇಲೆ ಫೋಟೋ ಆಗಿದ್ದಾಳೆ. ಗುರುಬಸವ್ವನ ಗಂಡ ಚನಮಲ್ಲಪ್ಪ ಇದನ್ನು ಯಾವ ಕಡೆಯಿಂದ ಯೋಚಿಸಿದರೂ ಕಡೆಗೆ ಬಂದು ನಿಲ್ಲುತ್ತಿದ್ದದ್ದು ಸತ್ಯವ್ವನ ಬಾಗಿಲಿಗೇ.

ಬನಹಟ್ಟಿಯಲ್ಲಿ ಮಗ್ಗದ ಸದ್ದು ಕೇಳದ ಓಣಿಯಿಲ್ಲ, ಹತ್ತಿಯ ಧೂಳು ಹೋಗದ ಎದೆಯೂ ಇಲ್ಲ. ಕೊರೊನಾ ಬಂದು ಹೋದ ಮೇಲೆ ನೂಲೆಳೆ ಮಹಿಳಾ ಸಂಘದವರು ಕರೆಂಟಿನಲ್ಲಿ ನಡೆಯುವ ಆಮ್ಲಜನಕದ ಯಂತ್ರವೊಂದನ್ನು ಕೊಂಡಿದ್ದರು. ಊರವರ ಬಾಯಲ್ಲಿ ಅದು ಗಾಳಿ ಮಷೀನು. ಉಸಿರು ಕಟ್ಟಿದವರ ಮನೆಗೆ ಸರದಿಯ ಪ್ರಕಾರ ಹೋಗುತ್ತಿತ್ತು, ಬಾಡಿಗೆಯಿಲ್ಲ. ಸಂಘದ ಹಿರಿಯಳು ಸತ್ಯವ್ವ. ಮದುವೆಯಾದಾಗಿನಿಂದ ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತಿ ಸುತ್ತಿ ಎದೆ ಕೆಡಿಸಿಕೊಂಡಿದ್ದ ಗುರುಬಸವ್ವನನ್ನು ಡಾಕ್ಟರು, ಇನ್ನು ಮನೆಯಲ್ಲೇ ಗಾಳಿ ಹಚ್ಚಿ ನೋಡಿಕೊಳ್ಳಿ ಎಂದು ಕಳಿಸಿಕೊಟ್ಟಿದ್ದರು. ಅದೇ ಮಧ್ಯಾಹ್ನ ಚನಮಲ್ಲಪ್ಪ ಸತ್ಯವ್ವನ ಬಾಗಿಲಿಗೆ ಹೋಗಿ ಕೈ ಮುಗಿದಿದ್ದ.

"ವೈನಿ, ಒಂದ ದಿನದ ಮಟ್ಟಿಗೆ ಕೊಡ್ರಿ. ಆಕಿಗೆ ಉಸುರ ಹತ್ತವಲ್ದು."

"ಲಗಮವ್ವನ ಮೂಗಿನಾಗಿಂದ ಕಿತ್ತು ಹೆಂಗ ಕೊಡ್ಲೋ ಯಪ್ಪಾ? ನಾಳಿಗೆ ಡಾಕ್ಟರ್ ನೋಡಿ ತಗೀರಿ ಅಂದ್ರ ಸೀದಾ ನಿಮ್ಮ ಮನೀಗೇ ಕಳಸ್ತೀನಿ."

ಅವಳು ಮಾತಿಗೆ ತಪ್ಪಲಿಲ್ಲ. ಮರುದಿನ ತಳ್ಳುಗಾಡಿಯಲ್ಲಿ ಮಷೀನು ಬಂತು. ಅಷ್ಟೊತ್ತಿಗೆ ಅವನ ಮನೆಯ ಮುಂದೆ ಜನ ತಲೆ ತಗ್ಗಿಸಿ ಕೂತಿದ್ದರು. ಗಾಡಿಯನ್ನು ತಿರುಗಿಸಿ ಕಳಿಸಿದವನು ಅವನೇ.

ಆಮೇಲೆ ಸತ್ಯವ್ವ ಎಲ್ಲರಿಗಿಂತ ಹೆಚ್ಚು ಅತ್ತಳು. ಅಂದಿನಿಂದ ದಿನಾ ಮಧ್ಯಾಹ್ನ ರೊಟ್ಟಿ ಪಲ್ಯದ ಡಬ್ಬಿ ಅವನ ಅಂಗಡಿಗೆ ಬರತೊಡಗಿತು. ತಪ್ಪು ಮಾಡಿದ ಕೈ ರೊಟ್ಟಿ ಬಡಿಯುತ್ತಿದೆ ಎಂದು ಅವನು ಅಂದುಕೊಂಡ, ಅಂದುಕೊಂಡೇ ಉಂಡ. ಹಸಿವಿಗೆ ಸಿಟ್ಟಿನ ಪರಿವೆ ಇರುವುದಿಲ್ಲ.

ಚನಮಲ್ಲಪ್ಪನದು ಪಾತ್ರೆಗೆ ಹೆಸರು ಹಾಕುವ ಅಂಗಡಿ. ಮದುವೆಯಲ್ಲಿ ಕೊಡುವ ಆಹೇರಿನಿಂದ ಹಿಡಿದು ಮಠದ ತಂಬಿಗೆಯವರೆಗೆ, ರಬಕವಿ ಬನಹಟ್ಟಿಯ ಅರ್ಧ ಊರಿನ ಪಾತ್ರೆಗಳ ಮೇಲೆ ಇದ್ದದ್ದು ಅವನ ಅಕ್ಷರ. ವರ್ಷ ತುಂಬುವ ಹೊತ್ತಿಗೆ ಸಂಘದವರು ಹೊಸ ಯೋಜನೆಯೊಂದನ್ನು ಹಿಡಿದು ಅವನ ಕಡೆಗೇ ಬಂದರು. ಸ್ಟೀಲಿನ ಊಟದ ಡಬ್ಬಿ. ತಳಕ್ಕೆ ಸಂಘದ ಗುರುತಾದ ಲಾಳಿಯ ಚಿತ್ರ, ಮುಚ್ಚಳದ ಮೇಲೆ ಕೊಂಡವರ ಹೆಸರು. ಹೆಣ್ಣುಮಕ್ಕಳು ಮುಧೋಳ, ಜಮಖಂಡಿ, ಬೀಳಗಿಯ ಸಂತೆಗಳಿಗೆ ಹೋಗಿ ಮಾರುವುದು. ಬಂದ ಲಾಭದಲ್ಲಿ ಎರಡನೇ ಮಷೀನು.

"ನಿನ್ನ ಕೈ ಅಕ್ಷರ ಛಂದ," ಎಂದಳು ಸತ್ಯವ್ವ. "ಇನ್ನ ಮ್ಯಾಲೆ ಯಾರಿಗೂ ನಾಳೆ ಬಾ ಅನ್ನೂದು ಬ್ಯಾಡಪಾ. ಇದು ಗುರುಬಸವ್ವನ ಕೆಲಸಾನೂ ಹೌದು ಅಂತ ತಿಳಕೊ."

ಆ ಮಾತು ಅವನಿಗೆ ಮುಳ್ಳಿನಂತೆ ನೆಟ್ಟಿತು. ಹೆಣ ಎತ್ತಿದ ಮೇಲೆ ಬುದ್ಧಿ ಬಂತೇ ಇವರಿಗೆ? ಅವನಿಗೆ ದುಡ್ಡು ಬೇಕಿರಲಿಲ್ಲ. ಒಬ್ಬನ ಹೊಟ್ಟೆಗೆ ಅಂಗಡಿ ಸಾಕಾಗಿತ್ತು. ಅವನಿಗೆ ಬೇಕಾಗಿದ್ದದ್ದು ಒಂದೇ: ಸತ್ಯವ್ವ ಒಂದು ಸಲ, ಒಂದೇ ಸಲ, ಯಾರದಾದರೂ ಬಾಗಿಲಲ್ಲಿ ನಿಂತು ಬೇಡಬೇಕು, ಒಳಗಿನವರು ನಾಳೆ ಬಾ ಎನ್ನಬೇಕು. ಎರಡನೇ ಮಷೀನು ಬಾರದೆ ಇದ್ದರೆ ಅಂಥ ದಿನ ತಾನಾಗಿಯೇ ಬರುತ್ತದೆ. ಒಳಗಿದ್ದು ಕೆಡಿಸಲೆಂದೇ ಅವನು ಒಪ್ಪಿಕೊಂಡ.

ದಾರಿ ತೋರಿಸಿದವಳೂ ಸತ್ಯವ್ವನೇ. ಸಂತೆಯಲ್ಲಿ ಒಂದೊಂದೇ ಡಬ್ಬಿ ಮಾರಿದರೆ ಯಾವ ಕಾಲಕ್ಕೆ ಮುಗಿಯಬೇಕು, ಬಾಡಗಂಡಿ ಕಡೆಯ ಸಕ್ಕರೆ ಕಾರ್ಖಾನೆಯೊಂದರವರು ಹಂಗಾಮು ಮುಗಿದಾಗ ಕೆಲಸಗಾರರಿಗೆ ಏನಾದರೂ ಕೊಡುತ್ತಾರಂತೆ, ಅವರೊಬ್ಬರು ಹ್ಞೂಂ ಅಂದರೆ ಮಷೀನು ಬಂದಂತೆಯೇ, ನಿನಗೆ ಆ ಕಡೆ ಗುರುತಿದ್ದರೆ ಒಂದು ಮಾತು ಕೇಳು ಎಂದಳು. ಅವನು ಕೇಳಿದ. ಸಂಘದ ಪರವಾಗಿ ಗೌರೀಶ ಮಾತಾಡುತ್ತಿದ್ದೇನೆ ಎಂದು ಫೋನಿನಲ್ಲಿ ಸುಳ್ಳು ಹೆಸರು ಹೇಳಿದ. ಕಾರ್ಖಾನೆಯ ಆಫೀಸಿನ ಪರಮೇಶ ಎಂಬಾತ ಎರಡು ಮಾತಿಗೆ ಒಪ್ಪಿದ. ಅದೇ ಸಂಜೆ ಚನಮಲ್ಲಪ್ಪ ಸತ್ಯವ್ವನ ಮುಂದೆ ತಲೆ ಅಲ್ಲಾಡಿಸಿದ.

"ಬ್ಯಾಡ ಅಂದ್ರು ವೈನಿ. ಅವರು ಪುಣೆಯಿಂದ ತರಸ್ತಾರಂತ."

"ಹೋಗ್ಲಿ ಬಿಡು. ಒಂದೊಂದ ಮಾರಿದ್ರಾತು," ಎಂದಳು ಆಕೆ. ಮುಖ ಮಾತ್ರ ಬಾಡಿತ್ತು. ಅದನ್ನು ನೋಡಿ ಆ ರಾತ್ರಿ ಅವನಿಗೆ ಬಹಳ ದಿನಗಳ ಮೇಲೆ ನಿದ್ದೆ ಹತ್ತಿತು.

ಕೆಲಸವನ್ನು ಅವನು ತನ್ನ ಅಕ್ಷರದಷ್ಟೇ ಅಚ್ಚುಕಟ್ಟಾಗಿ ಮಾಡಿದ. ಸಂಘದ ಡಬ್ಬಿಗಳು ಜಮಖಂಡಿಯ ಸಗಟು ಅಂಗಡಿಯಿಂದ ಬರುತ್ತಿದ್ದವು. ಕಾರ್ಖಾನೆಗೆ ಕೊಡುವ ತನ್ನವನ್ನು ಮುಧೋಳದಿಂದ ತಂದ. ಅದೇ ಅಳತೆ, ಅದೇ ತೂಕ. ಕಳ್ಳ ಕೆಲಸವನ್ನು ಬಾಗಿಲು ಹಾಕಿಕೊಂಡು ಮಾಡುವವರು ದಡ್ಡರು. ಅವನು ಹಾಡಹಗಲೇ ಅಂಗಡಿಯ ಮುಂದೆ ಕೂತು ಲಾಳಿ ಕೆತ್ತಿದ. ಹೋಗಿ ಬರುವವರು ಸಂಘದ ಕೆಲಸ ಎಂದುಕೊಂಡು ಮೆಚ್ಚಿ ಹೋದರು. ಇಕ್ಕಟ್ಟಿನ ಪ್ರಶ್ನೆ ಎಲ್ಲೆಲ್ಲಿಂದ ಬರಬಹುದೋ ಅಲ್ಲೆಲ್ಲ ಉತ್ತರ ಕೂರಿಸಿದ. ಕಾರ್ಖಾನೆಯ ಡಬ್ಬಿ ಯಾರ ಕಣ್ಣಿಗಾದರೂ ಬಿದ್ದರೆ? ಯಾರೋ ನಕಲು ಮಾಡಿದ್ದಾರೆ. ಪರಮೇಶ ಮುಖ ನೆನಪಿಟ್ಟುಕೊಂಡರೆ? ತಲೆಗೆ ಮಫ್ಲರು, ಬಾಯಿಗೆ ಮಾಸ್ಕು, ಕೇಳಿದರೆ ಕೆಮ್ಮು. ಕಾರ್ಖಾನೆಯವರು ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರುವವನು ಎಂಬ ಧೈರ್ಯ ಅವನಿಗಿತ್ತು.

ಬೀಳಗಿಯ ಬಸ್‌ಸ್ಟ್ಯಾಂಡಿನ ಹೊರಗೆ, ಬಾಡಿಗೆಯ ಟಂಟಂ ಆಟೋದಲ್ಲಿ ತಂದ ಚೀಲಗಳನ್ನು ಕಾರ್ಖಾನೆಯ ಜೀಪಿಗೆ ಏರಿಸಿದ. ಪರಮೇಶ ಒಂದು ಡಬ್ಬಿ ತೆಗೆದು ಮುಚ್ಚಳದ ಹೆಸರನ್ನು ಬೆರಳಿನಿಂದ ಸವರಿ ನೋಡಿದ.

"ಹೆಣಮಕ್ಕಳ ಸಂಘದಾಗ ಗಂಡಸ್ರೂ ಅದಾರೇನ್ರೀ?"

"ಸಂಘದಾಗ ನಮ್ಮವ್ವ ಅದಾಳ್ರೀ. ನಂದು ಬರೇ ಹೊರೂ ಕೆಲಸ."

"ನಮ್ಮವ್ವನೂ ದಮ್ಮಿನಿಂದಾನ ಹ್ವಾದ್ಳು," ಎಂದು ಪರಮೇಶ ದುಡ್ಡಿನ ಲಕೋಟೆಯನ್ನು ಎರಡೂ ಕೈಯಲ್ಲಿ ಕೊಟ್ಟ. "ಲಗೂನ ಮಷೀನ ತರ್ರಿ."

ಅಲ್ಲಿಂದ ಅವನು ಅಣೆಕಟ್ಟಿನ ಹಿನ್ನೀರಿನ ದಂಡೆಗೆ ಹೋದ. ಪರಮೇಶನ ಜೊತೆ ಮಾತಾಡಲು ಬಳಸಿದ್ದು ಗುರುಬಸವ್ವನ ನಂಬರು. ಅವಳು ಸತ್ತ ಮೇಲೂ, ಯಾರೂ ಫೋನು ಹಚ್ಚದ ಆ ನಂಬರಿಗೆ ಅವನು ತಪ್ಪದೆ ರೀಚಾರ್ಜ್ ಮಾಡಿಸಿಕೊಂಡು ಬಂದಿದ್ದ. ತನಗೆ ಬೇಕೆನಿಸಿದಾಗ ತನ್ನ ಫೋನಿನಿಂದ ಹಚ್ಚುತ್ತಿದ್ದ. ಪಕ್ಕದ ಕೋಣೆಯಲ್ಲಿ ಅದು ರಿಂಗಾಗುತ್ತಿತ್ತು, ಆಕೆ ಹಿತ್ತಲಲ್ಲಿ ಇದ್ದಾಳೆ, ಕೇಳಿಸಿಲ್ಲ ಎಂದುಕೊಳ್ಳುತ್ತಿದ್ದ. ಈಗ ಸಿಮ್ಮನ್ನು ತೆಗೆದು ನೀರಿಗೆ ಎಸೆದ. ಇನ್ನು ಪರಮೇಶನಿಗೆ ಗೌರೀಶ ಸಿಗುವುದಿಲ್ಲ. ತನಗೂ ಗುರುಬಸವ್ವ ಸಿಗುವುದಿಲ್ಲ ಎಂದು ಬಸ್ಸಿನಲ್ಲಿ ಕೂತ ಮೇಲೆ ಹೊಳೆದು, ಮುಧೋಳ ಬರುವವರೆಗೂ ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಲಕೋಟೆಯನ್ನು ಅವಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟ, ಬಿಚ್ಚಲೂ ಇಲ್ಲ.

ಅವನು ಬೇಡಿಕೊಂಡಿದ್ದ ದಿನ ಬಂತು. ಸತ್ಯವ್ವನ ಗಂಡ ವಿಠೋಬಾನಿಗೆ ಉಸಿರು ಕಟ್ಟತೊಡಗಿತು. ನಾಲ್ಕು ಹೆಜ್ಜೆ ನಡೆದರೆ ಮಗ್ಗದ ಕಂಬ ಹಿಡಿದು ನಿಲ್ಲುತ್ತಿದ್ದ. ಆಸ್ಪತ್ರೆಯಿಂದ ಅವನನ್ನೂ ಅದೇ ಮಾತು ಹೇಳಿ ಮನೆಗೆ ಕಳಿಸಿದರು. ಮಷೀನು ಮತ್ತೆ ಲಗಮವ್ವನ ಮನೆಯಲ್ಲಿತ್ತು. ಈಗ ನೋಡೋಣ ಎಂದುಕೊಂಡ ಚನಮಲ್ಲಪ್ಪ. ತನ್ನ ಗಂಡನ ಪಾಳಿ ಬಂದಾಗ ಸರದಿ ಎಲ್ಲಿ ಹೋಗುತ್ತದೋ ನೋಡೋಣ. ಏನಾದರೂ ನೆಪ ಮಾಡಿಕೊಂಡು ದಿನಾ ಲಗಮವ್ವನ ಓಣಿಯಲ್ಲಿ ಹಾಯ್ದು ಬಂದ. ದಿನಾ ಒಳಗೆ ಮಷೀನಿನ ಸದ್ದು ಇತ್ತು. ಒಂದು ದಿನ ತಡೆಯಲಾರದೆ ಹೊಸ್ತಿಲಿಗೇ ಹೋಗಿ ಕೇಳಿದ.

"ಯಾಕ ಆಯಿ, ಸತ್ಯವ್ವ ವೈನಿ ಇದನ್ನ ಒಯ್ದಿಲ್ಲೇನು?"

ಲಗಮವ್ವ ಮೂಗಿನ ನಳಿಗೆ ಸರಿಸಿಕೊಂಡಳು. "ನಾನ ಒಯ್ಯಿ ಅಂದ್ನೋ ತಮ್ಮಾ. ನಂದೇನ, ಹಣ್ಣೆಲಿ, ಇವತ್ತ ಉದುರಿದ್ರೂ ಆತು. ಆಕಿ ಒಲ್ಲೆ ಅಂದ್ಳು. ಇವತ್ತ ಸರದಿ ಮುರದ್ರ ಗುರುಬಸವ್ವಗ ಏನಂತ ಮಾರಿ ತೋರಸ್ಲಿ ಅಂತಾಳ."

ಅವನು ಮನೆಗೆ ಹೇಗೆ ಬಂದನೋ ಅವನಿಗೇ ತಿಳಿಯದು. ಟ್ರಂಕು ತೆಗೆದು ಲಕೋಟೆ ಹೊರಗಿಟ್ಟುಕೊಂಡು ಕೂತ. ಅದರಲ್ಲಿದ್ದದ್ದು ಒಂದು ಮಷೀನು. ಇದನ್ನು ಒಯ್ದು ಕೊಟ್ಟರೆ ವಿಠೋಬಾ ಉಳಿಯುತ್ತಾನೆ. ಆದರೆ ಎಲ್ಲಿಯದು ಎಂದು ಕೇಳಿದರೆ? ಕದಿಯಲು ನೂರು ದಾರಿ ಹೊಳೆದಿದ್ದ ತಲೆಗೆ ತಿರುಗಿ ಕೊಡಲು ಒಂದೂ ಹೊಳೆಯಲಿಲ್ಲ. ಯಾವುದೋ ಊರಿನ ದೊಡ್ಡ ಆರ್ಡರು ಎಂದು ಹೇಳಬೇಕು, ಊರು ಯಾವುದು, ಸಾಹುಕಾರ ಯಾರು, ಎಲ್ಲ ಹೊಂದಿಸಬೇಕು. ನಾಳೆ ಹೊಂದಿಸಿದರಾಯಿತು ಎಂದುಕೊಂಡ. ಮರುದಿನವೂ ಹಾಗೇ ಅಂದುಕೊಂಡ. ಸೋಮವಾರ ಬೆಳಿಗ್ಗೆ ವಿಠೋಬಾ ಮಗ್ಗದ ಕಂಬಕ್ಕೆ ಒರಗಿ ಕೂತವನು ಏಳಲಿಲ್ಲ. ಚನಮಲ್ಲಪ್ಪ ಹೆಣಕ್ಕೆ ಹೆಗಲು ಕೊಟ್ಟ. ಸೇಡು ತೀರಿತ್ತು. ಸುಖವೇನೂ ಆಗಲಿಲ್ಲ.

ಕಾರ್ಯ ಮುಗಿದ ಮೇಲೆ ಸತ್ಯವ್ವ ಅಂಗಡಿಗೆ ಬಂದಳು. ಮಠಕ್ಕೆ ಕೊಡಲು ತಂದ ತಂಬಿಗೆಗೆ ಗಂಡನ ಹೆಸರು ಹಾಕಿಸಬೇಕಿತ್ತು. ಅವನು ತಂಬಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬರೆಯತೊಡಗಿದಾಗ ಅವಳ ಫೋನು ರಿಂಗಾಯಿತು. ಮಗ್ಗದ ಸದ್ದಿನಲ್ಲಿ ಬಾಳಿದವರ ಕಿವಿ ಅರ್ಧ ಸತ್ತಿರುತ್ತದೆ. ಆಕೆ ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುವವಳು.

"ನಮಸ್ಕಾರ್ರೀ ಅಕ್ಕಾರ. ನಾ ಪರಮೇಶ, ಬಾಡಗಂಡಿ ಕಡೆ ಸಕ್ಕರಿ ಫ್ಯಾಕ್ಟರಿಯಿಂದ. ನಿಮ್ಮ ಗೌರೀಶನ ಫೋನ ಹತ್ತವಲ್ದು, ಅದಕ್ಕ ನಿಮ್ಮ ನಂಬರ್ ಕೇಳಿ ತಗೊಂಡ್ನಿ. ನಾವು ತಗೊಂಡ ಡಬ್ಬಿ ಛಲೋ ಅದಾವ್ರೀ, ಖರೆ..."

"ಯಾವ ಗೌರೀಶರೀ? ಯಾವ ಡಬ್ಬಿ?"

ಚನಮಲ್ಲಪ್ಪ ಬರೆಯುವುದನ್ನು ನಿಲ್ಲಿಸಲಿಲ್ಲ. ಈ ಪ್ರಶ್ನೆಗೆ ಉತ್ತರ ಎಂದೋ ಸಿದ್ಧವಾಗಿತ್ತು. ತಲೆ ಎತ್ತದೆ ಹೇಳಿದ: "ಯಾರೋ ನಕಲ ಮಾಡ್ಯಾರ ವೈನಿ. ಲಾಳಿ ಕೆತ್ತಾಕ ಏನ್ ದೊಡ್ಡದು, ಜಮಖಂಡ್ಯಾಗ ಹತ್ತ ಮಂದಿ ಅದಾರ. ನಿಮ್ಮ ಹೆಸರ ಹೇಳಿ ರೊಕ್ಕಾ ಹೊಡಕೊಂಡಾರ." ಸತ್ಯವ್ವ ನಿಟ್ಟುಸಿರು ಬಿಟ್ಟಳು. ಹೌದೇನೋ ಎಂಬಂತೆ ತಲೆಯಾಡಿಸಿದಳು.

ಫೋನಿನ ದನಿ ಇನ್ನೂ ಮುಗಿದಿರಲಿಲ್ಲ. "ಬೀಳಗಿ ಸಂತ್ಯಾಗ ನಿಮ್ಮ ಬಾಯಾರ ಕಡೆ ತಗೊಂಡ ಡಬ್ಬ್ಯಾಗೆಲ್ಲಾ ಹಿಡಿ ಸಕ್ಕರಿ ಇತ್ತಂತ್ರೀ. ನಮ್ಮವು ಎಲ್ಲಾ ಖಾಲಿ. ಖಾಲಿ ಡಬ್ಬಿ ಮನಿಗೆ ಹೆಂಗ ತಂದಿ ಅಂತ ಮುದುಕ್ಯಾರು ಜಗಳಾ ತಗದಾರ. ಸಕ್ಕರಿ ಫ್ಯಾಕ್ಟರಿಯವ್ರಿಗೆ ಸಕ್ಕರಿ ಯಾಕ ಅಂತ ಬಿಟ್ರೇನ್ರೀ?" ಎಂದು ಪರಮೇಶ ನಕ್ಕ. ಚನಮಲ್ಲಪ್ಪನ ಕೆಲಸ ಹೆಸರು ಹಾಕುವಲ್ಲಿಗೆ ಮುಗಿಯುತ್ತಿತ್ತು. ಆಮೇಲೆ ಹೆಣ್ಣುಮಕ್ಕಳು ಡಬ್ಬಿಗಳಲ್ಲಿ ಏನು ತುಂಬುತ್ತಾರೆಂದು ಅವನು ನೋಡಿದವನಲ್ಲ. ನೋಡಬೇಕಾಗಿಯೂ ಇರಲಿಲ್ಲ, ಕೊಡುವ ಪಾತ್ರೆಯಲ್ಲಿ ಏನಾದರೂ ಇರಬೇಕೆಂಬುದು ಯಾವ ಮನೆಯಲ್ಲಿ ಗೊತ್ತಿಲ್ಲ? ಅವನ ಮನೆಯಿಂದ ಪಾತ್ರೆ ಹೊರಗೆ ಹೋಗುವಾಗ ಬೆಲ್ಲದ ಚೂರೋ ಹಿಡಿ ಜೋಳವೋ ಹಾಕುತ್ತಿದ್ದವಳು ಗುರುಬಸವ್ವ. ಅವನಿಗೆ ಅದು ಎಂದೂ ಕಣ್ಣಿಗೆ ಬಿದ್ದಿರಲಿಲ್ಲ. ಸತ್ಯವ್ವ ಫೋನು ಕಟ್ ಮಾಡಿ, ತಾನು ಮಧ್ಯಾಹ್ನ ಕಳಿಸಿದ್ದ, ಅವನು ತೊಳೆದು ಹಲಗೆಯ ಮೇಲೆ ಬೋರಲು ಹಾಕಿದ್ದ ರೊಟ್ಟಿ ಡಬ್ಬಿಯನ್ನು ಎತ್ತಿ ಒಳಗೆ ನೋಡಿದಳು. "ಆಕಿ ಹ್ವಾದಾಗಿಂದ ಇದು ದಿನಾ ಖಾಲೀನ ತಿರುಗಿ ಬರತೈತಿ. ಹೆಣಮಗಳಿಲ್ಲದ ಮನಿ, ಪಾಪ, ಏನ್ ಗೊತ್ತಾಗತೈತಿ ಅಂತ ಸುಮ್ನಿದ್ನಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನು ಹೇಗಾದರೂ ತಾಳಿಕೊಳ್ಳುತ್ತಿದ್ದ. "ಖಾಲಿ ಡಬ್ಬಿ ಕೊಡೂ ಮನಿ ನನಗ ಒಂದ ಗೊತ್ತು, ಚನಮಲ್ಲಪ್ಪಾ. ಫ್ಯಾಕ್ಟರಿಯವ್ರು ಬ್ಯಾಡ ಅಂದ್ರು ಅಂದವನೂ ನೀನ. ಆ ರೊಕ್ಕಾ ಬಂದಿದ್ರ ನಮ್ಮ ಮನಿಯವ್ರಿಗೆ ಮಷೀನ ಬರತಿತ್ತು, ಹೌದಿಲ್ಲೋ?"